ಗೂಬೆ ಕೂರಿಸಿದ ಮೇಲೆ

ಶನಿವಾರ ಬೆಳಿಗ್ಗೆ ಬಾಲ್ಕನಿಯ ಬಾಗಿಲು ತೆರೆದವಳು ಹಾಗೆಯೇ ನಿಂತುಬಿಟ್ಟೆ. ಪ್ಲಾಸ್ಟಿಕ್ ಗೂಬೆಯ ಬೆನ್ನಿಗೂ ಗೋಡೆಗೂ ನಡುವಿನ ಗೇಣಗಲದ ಸಂದಿಯಲ್ಲಿ ಪಾರಿವಾಳವೊಂದು ಕಾವಿಗೆ ಕೂತಿತ್ತು. ನಾಲ್ಕು ಕಡ್ಡಿ, ಒಂದು ತುಂಡು ತಂತಿ, ಅಷ್ಟೇ ಗೂಡು. ನನ್ನನ್ನು ಕಂಡು ಕತ್ತು ಚೂರು ಎತ್ತಿತೇ ಹೊರತು ಏಳಲಿಲ್ಲ. ಗೂಬೆ ಮಾತ್ರ ಎಂದಿನಂತೆ ಹಳದಿ ಕಣ್ಣು ಬಿಟ್ಟುಕೊಂಡು ಬೀದಿ ಕಾಯುತ್ತಿತ್ತು.

ಹಲ್ಲುಜ್ಜುತ್ತಾ ಹಿಂದೆ ಬಂದ ಮಗಳು ಇಣುಕಿ ನೋಡಿ ಕೇಳಿದಳು: “ಅಮ್ಮಾ, ಗೂಬೆ ಏನೂ ಮಾಡುವುದಿಲ್ಲ ಎಂದು ಅದಕ್ಕೆ ಯಾರು ಹೇಳಿಕೊಟ್ಟರು?”

ಗೂಬೆ ತಂದದ್ದು ಮೂರು ವಾರದ ಹಿಂದೆ. ಹಿಕ್ಕೆ ಕೆರೆದು ಕೆರೆದು ಸಾಕಾಗಿತ್ತು. (ಒಣಗಿದ ಹಿಕ್ಕೆಯನ್ನು ಹಾಗೆಯೇ ಗುಡಿಸಬಾರದು, ಅದರ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು, ನೀರು ಚಿಮುಕಿಸಿ ತೆಗೆಯಬೇಕು ಎಂಬುದನ್ನೂ ಆಗಲೇ ಕಲಿತದ್ದು.) ಮೊದಲ ದಿನ ಒಂದು ಪಾರಿವಾಳವೂ ಸುಳಿಯಲಿಲ್ಲ. ಯುದ್ಧ ಗೆದ್ದವಳಂತೆ ಮನೆಯೆಲ್ಲ ಓಡಾಡಿದೆ. ಮರುದಿನ ಕಾಗೆಗಳು ಬಂದವು. ಹಗಲಿನಲ್ಲಿ ಗೂಬೆ ಕಂಡರೆ ಕಾಗೆಗಳು ಓಡಿಹೋಗುವುದಿಲ್ಲ, ಬಳಗ ಸೇರಿಸಿಕೊಂಡು ಮೇಲೆರಗುತ್ತವೆ. ನಾಲ್ಕೈದು ಸೇರಿ ಅರ್ಧ ಗಂಟೆ ಕಿರುಚಿದವು. ಮೇಲಿನ ಮನೆಯ ಹಿರಿಯರು ಕೆಳಗಿಳಿದು ಬಂದು, “ಏನಮ್ಮಾ ಇದು, ಬೆಳಬೆಳಿಗ್ಗೆ ನಿಮ್ಮ ಮನೆಯ ಗಲಾಟೆ?” ಎಂದರು. ಬಾಲ್ಕನಿಯಲ್ಲಿ ನಾನು ಕೂರಿಸಿದ ಗೂಬೆಯನ್ನು ಅವರು ನನ್ನ ತಲೆಯ ಮೇಲೆಯೇ ಕೂರಿಸಿ ಹೋದರು.

ಹೋಗುವ ಮುನ್ನ ಪಾಠವನ್ನೂ ಹೇಳಿದರು. ಗೂಬೆ ಇರುಳಿನ ಬೇಟೆಗಾರ, ಪಾರಿವಾಳ ಹಗಲಿನ ಹಕ್ಕಿ. ಹಗಲು ಹೊತ್ತು ಅದರ ಜೀವ ತೆಗೆಯುವುದು ಗಿಡುಗ, ಡೇಗೆ. ಬಂಡೆಯ ಅಂಚುಗಳಲ್ಲಿ ಗೂಡು ಕಟ್ಟುತ್ತಿದ್ದ ಕಾಡು ಪಾರಿವಾಳದ ಸಂತತಿಗೆ ನಮ್ಮ ಬಾಲ್ಕನಿಯೂ ಒಂದು ಬಂಡೆಯ ಅಂಚೇ. ಬಲೆ ಕಟ್ಟಿಸದೆ ಬೇರೆ ದಾರಿಯಿಲ್ಲ. ಅವರು ಹೇಳಿದ್ದೆಲ್ಲ ಸರಿಯೇ. ಸರಿಯಾದದ್ದನ್ನು ಹೇಳಿ ಮುಗಿಸಿದ ಮೇಲೂ ಎರಡು ನಿಮಿಷ ನಿಂತು ನಮ್ಮ ಮುಖ ನೋಡುವ ಅಭ್ಯಾಸ ಅವರದು, ಅದನ್ನು ಸಹಿಸುವುದು ಕಷ್ಟ.

ಎರಡು ಮೂರು ದಿನಕ್ಕೊಮ್ಮೆ ಜಾಗ ಬದಲಿಸಬೇಕೆಂದು ಗೂಬೆಯ ಡಬ್ಬಿಯ ಮೇಲೆಯೇ ಬರೆದಿತ್ತು. ಮೊದಲ ವಾರ ಬದಲಿಸಿದೆ. ಆಮೇಲೆ ಕಚೇರಿಯ ಕೆಲಸ, ನೆಗಡಿ, ಸೋಮಾರಿತನ. ಮೂರರಲ್ಲಿ ಕೊನೆಯದೇ ನಿಜವಾದ ಕಾರಣ. ಗಾಳಿಗೆ ತಲೆ ತಿರುಗಲೆಂದು ಇಟ್ಟಿದ್ದ ಸ್ಪ್ರಿಂಗ್ ಕೂಡ ತುಕ್ಕು ಹಿಡಿಯಿತು. ಪಾರಿವಾಳಗಳು ಮೊದಲು ಎದುರಿನ ಸಜ್ಜಾದಿಂದ ನೋಡಿದವು, ಬಳಿಕ ಕಂಬಿಯ ತುದಿಗೆ ಬಂದವು, ಬಳಿಕ ಒಂದೊಂದೇ ಹೆಜ್ಜೆ ಹತ್ತಿರ. ಹಾಗೆ ಬಂದು ನೋಡಿಹೋದದ್ದರಲ್ಲಿ ಒಂದು, ಗಾಳಿ ಬಡಿಯದ ಜಾಗ ಗೂಬೆಯ ಬೆನ್ನ ಹಿಂದೆ ಇದೆ ಎಂದು ಕಂಡುಕೊಂಡಿತು.

ಯಾರು ಹೇಳಿಕೊಟ್ಟರು? ರಾತ್ರಿ ನಿದ್ದೆ ಬಾರದೆ ಹುಡುಕುತ್ತಾ ಕೂತೆ. 1930ರ ದಶಕದಲ್ಲಿ ಲೊರೆಂಜ್ ಮತ್ತು ಟಿನ್‌ಬರ್ಗೆನ್ ಎಂಬ ಪ್ರಾಣಿವರ್ತನೆಯ ವಿಜ್ಞಾನಿಗಳು ಹಕ್ಕಿಯಾಕಾರದ ಒಂದು ರಟ್ಟನ್ನು ಮರಿಗಳ ತಲೆಯ ಮೇಲೆ ಹಾಯಿಸಿ ನೋಡಿದ್ದರಂತೆ. ಒಂದು ದಿಕ್ಕಿಗೆ ಎಳೆದರೆ ಕುತ್ತಿಗೆ ಗಿಡ್ಡ, ಬಾಲ ಉದ್ದ: ಗಿಡುಗ. ತಿರುಗಿಸಿ ಎಳೆದರೆ ಅದೇ ರಟ್ಟು ಉದ್ದ ಕತ್ತಿನ ಹೆಬ್ಬಾತು. ಗಿಡುಗದ ರೂಪದ ಭಯ ಹುಟ್ಟಿನಿಂದಲೇ ಬಂದದ್ದು ಎಂದು ಮೊದಲು ನಂಬಿದರು. ಆಮೇಲಿನವರು ಪರೀಕ್ಷಿಸಿದಾಗ ಬೇರೆಯೇ ಕಂಡಿತು: ಮತ್ತೆ ಮತ್ತೆ ಕಂಡು, ಏನೂ ಆಗದೆ ಹೋದದ್ದಕ್ಕೆ ಹಕ್ಕಿ ಹೆದರುವುದನ್ನು ಬಿಡುತ್ತದೆ, ಅಪರೂಪಕ್ಕೆ ಕಂಡದ್ದಕ್ಕೆ ಹೆದರುತ್ತದೆ. ಅಂದರೆ ನಮ್ಮ ಪಾರಿವಾಳಕ್ಕೆ ಹೇಳಿಕೊಟ್ಟದ್ದು ಗೂಬೆಯೇ, ದಿನವೂ ಅಲ್ಲೇ ಕೂತು.

ಮಗಳ ಪ್ರಶ್ನೆ ಅಲ್ಲಿಗೆ ಬಿಡಲಿಲ್ಲ. ಭಾನುವಾರ ಸಂಜೆ ಅವಳು ಮೊಬೈಲ್ ಹಿಡಿದು ಕೂತಿದ್ದಾಗ, “ಇದೇ ಕೊನೆಯ ಸಲ ಹೇಳುತ್ತಿದ್ದೇನೆ” ಎಂದೆ. ತಲೆ ಎತ್ತಲಿಲ್ಲ. ಕೊನೆಯ ಸಲ ಎಂದು ಆ ದಿನ ಮೂರನೆಯ ಸಲ ಹೇಳಿದ್ದು ನನಗೇ ನೆನಪಿತ್ತು. ನನ್ನ ಕಣ್ಣುಗಳು ಅವಳಿಗೆ ಹಳದಿಯಾಗಿ ಕಂಡಿರಬೇಕು. ಕಚೇರಿಯಲ್ಲಿ ಪ್ರತಿ ಬೆಳಿಗ್ಗೆ ಮೇಜು ಗುದ್ದುವ ಮೇಲಧಿಕಾರಿಯೊಬ್ಬರಿದ್ದಾರೆ. ಅವರ ಮುಂದೆಯೇ ನಾವು ಆಕಳಿಸುತ್ತೇವೆ. ಹಿಂದೆ ಇದ್ದವರು ದನಿ ಎತ್ತಿದವರೇ ಅಲ್ಲ. ಒಮ್ಮೆ ಮಾತ್ರ ಒಂದು ಕಡತವನ್ನು ಮಾತಿಲ್ಲದೆ ಹಿಂದಕ್ಕೆ ತಳ್ಳಿದ್ದರು. ಆ ಕಡತ ನನ್ನದು. ಇವತ್ತಿಗೂ ಅವರ ಹೆಸರು ಕೇಳಿದರೆ ಬೆನ್ನು ನೆಟ್ಟಗಾಗುತ್ತದೆ.

ಗೂಡಿನಲ್ಲಿ ಎರಡು ಮೊಟ್ಟೆಗಳಿವೆ. ಮರಿಯಾಗಲು ಸುಮಾರು 18 ದಿನ, ಆ ಮರಿ ಹಾರಲು ಮತ್ತೆ ತಿಂಗಳು. ಬಲೆಯ ಮಾತು ಆಮೇಲೆ. ಮೇಲಿನ ಮನೆಯವರಿಗೆ ಇನ್ನೂ ಹೇಳಿಲ್ಲ.

ನಿನ್ನೆ ಸಂಜೆ ಗಾಳಿ ಜೋರಾಯಿತು. ಗೂಬೆ ಹಿಂದಕ್ಕೆ ವಾಲಿದರೆ ಮೊಟ್ಟೆ ಉಳಿಯುವುದಿಲ್ಲವೆಂದು ಅದರ ಸೊಂಟಕ್ಕೆ ದಾರ ಸುತ್ತಿ, ಒಂದಿಷ್ಟೂ ಅಲುಗಾಡದಂತೆ ಕಂಬಿಗೆ ಬಿಗಿದೆ. ದಾರದ ಇನ್ನೊಂದು ತುದಿ ಮಗಳ ಕೈಯಲ್ಲಿತ್ತು. ಗಂಟು ಹಾಕಲು ಕೈ ಹಿಂದಕ್ಕೆ ಚಾಚಿದಾಗ ಪಾರಿವಾಳ ಕೂತಲ್ಲಿಂದಲೇ ರೆಕ್ಕೆ ಬೀಸಿ ನನ್ನ ಮಣಿಕಟ್ಟಿಗೆ ಪಟ್ಟೆಂದು ಬಡಿಯಿತು.