ಹಳೇ ಕಾರಿನ ಹಳೇ ಕಾಗದ

ಸ್ಟ್ಯಾಂಡರ್ಡ್ ಹೆರಾಲ್ಡ್ ಇಟ್ಕೊಂಡಿರೋರಿಗೆ ಒಂದು ವಿಚಿತ್ರ ಕಷ್ಟ ಇದೆ. ಇಂಗ್ಲೆಂಡಲ್ಲಿ ಅದೇ ಕಾರು ಟ್ರಯಂಫ್ ಹೆರಾಲ್ಡ್, ಅಲ್ಲಿ ಅದಕ್ಕೆ ಕ್ಲಬ್ ಇದೆ, ಹಳೇ ಪಾರ್ಟ್ಸ್ ಪುಸ್ತಕ ರೀಪ್ರಿಂಟ್ ಮಾಡೋರಿದಾರೆ, ದುಡ್ಡು ಕೊಟ್ರೆ ಮನೆಗೇ ಬರತ್ತೆ. ಆದ್ರೆ ಮದ್ರಾಸಲ್ಲಿ ಆದ ನಮ್ಮ ಮಾರ್ಕ್ 3ಗೆ ನಾಲ್ಕು ಬಾಗ್ಲು, ಇಂಗ್ಲೆಂಡಿನವ್ರದ್ದಕ್ಕೆ ಎರಡೇ. ಹಿಂದಿನ ಬಾಗ್ಲಿನ ಬೀಡಿಂಗು (ಅಂಚಿನ ಪಟ್ಟಿ), ಗ್ಲಾಸಿನ ರಬ್ಬರು, ಹಿಡಿ, ಸೀಟ್ ಕವರಿನ ಕಟಿಂಗು ಯಾವ್ದೂ ಆ ಪುಸ್ತಕಗಳಲ್ಲಿ ಇರಲ್ಲ. ಅದನ್ನ ತಿಳ್ಕೋಬೇಕು ಅಂದ್ರೆ ಆ ಕಾಲದಲ್ಲಿ ಇಲ್ಲೇ ವ್ಯಾಪಾರ ಮಾಡ್ದೋರ ಕಾಗದಾನೇ ಬೇಕು. ಪ್ರೈಸ್ ಲಿಸ್ಟು, ಆಕ್ಸೆಸರಿ ಕ್ಯಾಟಲಾಗು, ಡೀಲರುಗಳಿಗೆ ಅಂತ ಬರ್ತಿದ್ದ ಮ್ಯಾಗಜೀನು. ನಂಗೆ ಈ ಹುಚ್ಚು ಹತ್ತಿದ್ದೇ ಹೀಗೆ.

ಬೆಂಗಳೂರಲ್ಲಿ ಹುಡುಕೋದು ಅಂದ್ರೆ ಮೊದ್ಲು ಜೆ.ಸಿ. ರೋಡು. ಪುಸ್ತಕದಂಗಡಿಗಳಿಗಿಂತ ಅಲ್ಲಿನ ಹಳೇ ಸ್ಪೇರ್ಸ್ ಅಂಗಡಿಗಳಲ್ಲೇ ಹೆಚ್ಚು ಸಿಗತ್ತೆ ಅಂತ ನನ್ನ ಅನುಭವ. ಮಗ ಕೂತಿರೋ ಕೌಂಟರಲ್ಲಿ ಕೇಳಿದ್ರೆ ಇಲ್ಲ ಅಂತಾರೆ, ಅಪ್ಪ ಬರೋ ಹೊತ್ತಿಗೆ ಹೋಗ್ಬೇಕು. "ಪಾರ್ಟ್ಸ್ ಬೇಡ್ವಾ ಸಾರ್, ಬರೀ ಬುಕ್ಕಾ?" ಅಂತ ಒಬ್ಬ ಯಜಮಾನ್ರು ಆಶ್ಚರ್ಯವಾಗಿ ಕೇಳಿ, ಆಮೇಲೆ ಹುಡುಗನ್ನ ಅಟ್ಟಕ್ಕೆ ಹತ್ತಿಸಿ ಒಂದು ಕಟ್ಟು ಇಳಿಸಿದ್ರು, ಅದರಲ್ಲಿ ಫ್ಯಾನ್ ಬೆಲ್ಟ್ ಲಿಸ್ಟು, ಹಾರ್ನು, ಫಾಗ್ ಲ್ಯಾಂಪು, ಬಂಪರ್ ಗಾರ್ಡು, ಕ್ಯಾರಿಯರ್ರು, ಎಲ್ಲಾದಕ್ಕೂ ಚಿತ್ರ ಇದ್ದ ಕ್ಯಾಟಲಾಗುಗಳು, ಪಕ್ಕದಲ್ಲೇ ಅವ್ರೇ ಪೆನ್ಸಿಲಲ್ಲಿ ಬರ್ದಿದ್ದ ರೇಟುಗಳು. ಆ ಪೆನ್ಸಿಲ್ ಬರಹ ನಂಗೆ ಪ್ರಿಂಟಿಗಿಂತ ಮುಖ್ಯ, ಯಾವ್ದು ನಿಜ್ವಾಗ್ಲೂ ಮಾರಾಟ ಆಗ್ತಿತ್ತು ಅನ್ನೋದು ಅದ್ರಿಂದಲೇ ಗೊತ್ತಾಗೋದು. ಹೋಗೋದಾದ್ರೆ ಆಯುಧಪೂಜೆಗೆ ಮುಂಚೆ ಹೋಗಿ. ಗೋಡೌನ್ ಕ್ಲೀನ್ ಮಾಡ್ವಾಗ ಇದೆಲ್ಲ ಮೂಟೆ ಕಟ್ಟಿ ಹಳೇ ಪೇಪರಿನವ್ನಿಗೆ ತೂಕಕ್ಕೆ ಹೋಗ್ಬಿಡತ್ತೆ.

ಮ್ಯಾಗಜೀನುಗಳ ಕಥೆ ಬೇರೆ. ಮದ್ರಾಸಿಂದ ಮೋಟಾರ್‌ಇಂಡಿಯಾ 1956ರಿಂದ ಬರ್ತಿದೆ, ಇಂಗ್ಲೆಂಡಿನ ದಿ ಆಟೋಕಾರ್ ಅಂತೂ 1895ರದ್ದು. ಇಂಥವನ್ನ ಲೈಬ್ರರಿಗಳಲ್ಲಿ ಬೈಂಡ್ ಮಾಡಿ ಇಟ್ಟಿರೋದು ನೋಡಿ ಖುಷಿಯಾಗತ್ತೆ, ಆದ್ರೆ ತೆಗೆದ್ರೆ ಎಷ್ಟೋ ಸಲ ಜಾಹೀರಾತಿನ ಪುಟಗಳೇ ಇರಲ್ಲ. ದಪ್ಪ ಆಗತ್ತೆ ಅಂತ ಬೈಂಡಿಂಗ್ ಮಾಡ್ವಾಗ ಕವರ್ ಪೇಜು, ಹಿಂದೆ ಮುಂದೆ ಇರೋ ಜಾಹೀರಾತು ಎಲ್ಲ ಕಿತ್ತು ಹಾಕೋ ಪದ್ಧತಿ ಇತ್ತು, ಲೇಖನ ಮಾತ್ರ ಉಳಿಸ್ಕೊಳೋರು. ನಮಗೆ ಬೇಕಾಗಿರೋದೇ ಆ ಜಾಹೀರಾತು! ಅದಕ್ಕೇ ಬೈಂಡ್ ಆಗಿರೋ ಚಂದದ ವಾಲ್ಯೂಮಿಗಿಂತ ಗ್ರೀಸ್ ಕಲೆ ಇರೋ ಬಿಡಿ ಸಂಚಿಕೆ ಸಿಕ್ರೆ ನಾನು ಮೊದ್ಲು ಅದನ್ನೇ ತಗೊಳೋದು.

ಕ್ಯಾಟಲಾಗುಗಳಲ್ಲಿ ದೊಡ್ಡ ತಲೆನೋವು ಇಸವಿ. ಸ್ಟಾಕು ಹಳೇದು ಅಂತ ಗಿರಾಕಿಗೆ ಗೊತ್ತಾಗಬಾರ್ದು ಅಂತಲೋ ಏನೋ, ಬಹಳಷ್ಟರಲ್ಲಿ ಪ್ರಿಂಟೇ ಮಾಡ್ತಿರಲಿಲ್ಲ. ಆಗ ಬೇರೆ ಗುರುತು ನೋಡ್ಬೇಕು. ರೇಟು ಆಣೆಯಲ್ಲಿದ್ರೆ ಸಾಮಾನ್ಯವಾಗಿ 1957ರ ಏಪ್ರಿಲಿಗೆ ಮುಂಚಿನದು, ನಯಾ ಪೈಸೆ ಅಂತಿದ್ರೆ ಅಲ್ಲಿಂದ 1964ರ ಆಸುಪಾಸಿನ ತನಕದ್ದು. ವಿಳಾಸದಲ್ಲಿ ಆರಂಕಿ ಪಿನ್ ಕೋಡ್ ಇದ್ರೆ ಖಂಡಿತ 1972ರ ಆಗಸ್ಟ್ ಆದ್ಮೇಲಿನದು, ಆದ್ರೆ ಬರೀ ಬೆಂಗಳೂರು-2 ಅಂತ ಹಳೇ ಅಂಚೆ ವಲಯದ ನಂಬರಿದ್ರೆ ಅದಕ್ಕಿಂತ ಹಳೇದೇ ಅಂತ ಹೇಳಕ್ಕಾಗಲ್ಲ, ಪಿನ್ ಬಂದ್ಮೇಲೂ ಜನ ಹಾಗೇ ಬರೀತಿದ್ರು. ಮೈಸೂರು ಸ್ಟೇಟ್ ಅಂತ ಇದ್ರೆ 1973ರ ನವೆಂಬರಿಗೆ ಮುಂಚೆ ಮಾಡಿದ ಅಚ್ಚಿನ ಬ್ಲಾಕಲ್ಲಿ ಪ್ರಿಂಟ್ ಆಗಿದ್ದು ಅಂತ ಇಟ್ಕೋಬಹುದು. ನಂಗೆ ಇದೆಲ್ಲಕ್ಕಿಂತ ನಂಬಿಕೆ ಕಾರುಗಳ ಪಟ್ಟಿ ಮೇಲೆ. ಅಂಬಾಸಿಡರ್ ಮಾರ್ಕ್ 2 ಬಂದಿದ್ದು 1962ರಲ್ಲಿ, ಮಾರ್ಕ್ 3 1975ರಲ್ಲಿ. ಮಾರ್ಕ್ 2 ಇದ್ದು ಮಾರ್ಕ್ 3 ಇಲ್ದೇ ಹೋದ್ರೆ ಆ ಮಧ್ಯದ್ದು. ಪ್ರೀಮಿಯರ್ ಪದ್ಮಿನಿ ಕಾರಿನ ಹೆಸರಿದ್ರೆ ಎಪ್ಪತ್ತರ ದಶಕ ಶುರುವಾಗಿದೆ ಅಂತಲೇ ಲೆಕ್ಕ. ಬ್ರಿಟಿಷ್ ಕ್ಯಾಟಲಾಗಿನ ಕೊನೇ ಪುಟದ ಮೂಲೆಯಲ್ಲಿ 5ಎಂ/6/57 ಥರ ಸಣ್ಣಕ್ಷರ ಇದ್ರೆ ಬಿಡ್ಬೇಡಿ, ಐದು ಸಾವಿರ ಪ್ರತಿ, 1957ರ ಜೂನು ಅಂತ ಅರ್ಥ.

ಹೊರದೇಶದಲ್ಲಿ ಹಳೇ ಕಾರಿನ ಪಾರ್ಟ್ಸು, ಕಾಗದ ಮಾರೋ ದೊಡ್ಡ ಜಾತ್ರೆಗಳೇ ನಡೀತವೆ, ಇಂಗ್ಲೆಂಡಿನ ಬ್ಯೂಲಿ ಆಟೋಜಂಬಲ್ 1967ರಿಂದ ಇದೆ, ಅಮೆರಿಕದ ಹರ್ಷಿಯಲ್ಲೂ ಇದೆ. ನಮ್ಮಲ್ಲಿ ಅಂಗಡಿ ಅಂಗಡಿ ತಿರುಗೋದೇ ದಾರಿ.

ಸಿಕ್ಕಿದ್ಮೇಲೆ ನಾನು ಮೊದ್ಲು ಮಾಡೋದು ತುಕ್ಕು ಹಿಡಿದ ಪಿನ್ ಬಿಡ್ಸೋದು, ಅದು ಕಾಗದಾನ ತಿಂದ್ಹಾಕತ್ತೆ. ಹರಿದಿದೆ ಅಂತ ಸೆಲ್ಲೋಟೇಪ್ ಹಚ್ಬೇಡಿ, ಲ್ಯಾಮಿನೇಶನ್ ಅಂತೂ ಬೇಡ್ವೇ ಬೇಡ. ಸ್ಕ್ಯಾನ್ ಮಾಡೋದಾದ್ರೆ ಖಾಲಿ ಹಿಂಬದಿ ಪುಟಾನೂ ಮಾಡಿ, ಡೀಲರ್ ಸೀಲು ಅಲ್ಲೇ ಇರೋದು. ಅಂಗಡಿಯವ್ರು ಮಾರಲ್ಲ ಅಂದ್ರೆ ಅಲ್ಲೇ ಕೂತು ಫೋಟೋ ತಗೊಂಡು ವಾಪಸ್ ಕೊಡ್ತೀನಿ, ಪ್ರಿಂಟ್ ಹಾಕ್ಸಿ ಅವ್ರಿಗೂ ಒಂದು ಪ್ರತಿ ತಲುಪಿಸ್ತೀನಿ.

ಆ ನಾಲ್ಕು ಬಾಗ್ಲಿನ ಬೀಡಿಂಗ್ ಲಿಸ್ಟು ಇನ್ನೂ ಸಿಕ್ಕಿಲ್ಲ. ಮುಂದಿನ ಸಲ ಮದ್ರಾಸಿನ ಸ್ಪೇರ್ಸ್ ಅಂಗಡಿಗಳ ಬೀದಿ ಜನರಲ್ ಪ್ಯಾಟರ್ಸ್ ರೋಡು, ಕಾರು ಹುಟ್ಟಿದ ಊರಲ್ಲೇ ಯಾರ ಅಟ್ಟದಲ್ಲಾದ್ರೂ ಇದ್ದೇ ಇರತ್ತೆ ಅಂತ ನಂಬಿದೀನಿ.