ಗರಗಸ ಮೀನು ಉಳಿಯಬೇಕಾದರೆ ಬಲೆಯ ದುಡ್ಡು ಯಾರಾದರೂ ಕೊಡಬೇಕು

2022ರ ಮಾರ್ಚಿನಲ್ಲಿ ಮಲ್ಪೆ ಬಂದರಿಗೆ ಬಂದ ಗರಗಸ ಮೀನಿನ ವಿಡಿಯೊ ನಿಮ್ಮಲ್ಲಿ ಅನೇಕರ ಮೊಬೈಲಿಗೂ ಬಂದಿರಬೇಕು. ಸುಮಾರು 250 ಕೆ.ಜಿ. ತೂಗುವ ಮೀನು ಕ್ರೇನಿನಲ್ಲಿ ನೇತಾಡುತ್ತಿತ್ತು. ಸುದ್ದಿಯಲ್ಲಿ ಅದು ‘ಕಾರ್ಪೆಂಟರ್ ಶಾರ್ಕ್’ ಆಯಿತು, ಹರಾಜೂ ಆಯಿತು. ಇದು ಹಿಡಿಯಲೇಬಾರದ ಮೀನು ಎಂಬ ಮಾತು ಶುರುವಾದದ್ದು ಆಮೇಲೆ.

ನಾನು ಉದ್ಯಾವರ ಹೊಳೆಯ ಪಕ್ಕದವಳು, ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ನನ್ನ ಕ್ಲಾಸಿನಲ್ಲಿ ಅರ್ಧಕ್ಕರ್ಧ ಮಕ್ಕಳ ಮನೆಯವರು ಬೋಟಿಗೆ ಹೋಗುವವರು, ಇಲ್ಲವೇ ಮೀನು ಮಾರುವವರು. ವಿಡಿಯೊ ನೋಡಿದ ಮಕ್ಕಳು ಕೇಳಿದ ಮೊದಲ ಪ್ರಶ್ನೆ, “ಟೀಚರ್, ಇದು ತಾಟೆಯಾ, ತೊರಕೆಯಾ?” ತಾಟೆ ಎಂದರೆ ಶಾರ್ಕ್, ತೊರಕೆ ಎಂದರೆ ರೇ ಮೀನು. ಒಳ್ಳೆಯ ಪ್ರಶ್ನೆ. ಮೈ ನೋಡಿದರೆ ತಾಟೆಯೇ. ಆದರೆ ಮೀನನ್ನು ಮಗುಚಿ ಹಾಕಿದರೆ ಕಿವಿರಿನ ಸೀಳುಗಳು ಹೊಟ್ಟೆಯ ಕಡೆ, ಬಾಯಿಯ ಹಿಂದೆ ಸಾಲಾಗಿ ಕಾಣುತ್ತವೆ. ತಾಟೆಗೆ ಅವು ಮೈಯ ಎರಡು ಬದಿಗೆ ಇರುತ್ತವೆ. ಹಾಗಾಗಿ ಇದು ತೊರಕೆಯ ಬಳಗ. ಪ್ರಪಂಚದಲ್ಲಿ ಇರುವುದು ಐದೇ ಜಾತಿ. ದೊಡ್ಡವು ಆರೇಳು ಮೀಟರ್‌ವರೆಗೂ ಬೆಳೆಯಬಲ್ಲವು.

ನನಗೆ ಇದರಲ್ಲಿ ಎಲ್ಲಕ್ಕಿಂತ ಹೆಚ್ಚು ಬೆರಗು ಹುಟ್ಟಿಸುವುದು ಆ ಗರಗಸ. ಅದು ಬರೀ ಆಯುಧ ಎಂದು ಬಹಳ ಕಾಲ ಜನ ತಿಳಿದಿದ್ದರು. ಅದರ ತುಂಬ ಸೂಕ್ಷ್ಮ ರಂಧ್ರಗಳಿವೆ, ಒಳಗೆ ಜೆಲ್ಲಿಯಂಥ ದ್ರವ. ಯಾವುದೇ ಜೀವಿಯ ಸ್ನಾಯು ಮಿಡಿದಾಗ ನೀರಿನಲ್ಲಿ ಹುಟ್ಟುವ ಅತಿ ಕ್ಷೀಣ ವಿದ್ಯುತ್ತನ್ನು ಆ ರಂಧ್ರಗಳು ಹಿಡಿಯುತ್ತವೆ. ಅಳಿವೆಯ ಕೆಸರು ನೀರಿನಲ್ಲಿ ಕಣ್ಣಿಗೆ ಏನೂ ಕಾಣದಿದ್ದರೂ, ಕತ್ತಲೆ ಕೋಣೆಯಲ್ಲಿ ನಾವು ಕೈಯಾಡಿಸಿ ಸ್ವಿಚ್ಚು ಹುಡುಕಿದ ಹಾಗೆ ಇದು ಗರಗಸ ಆಡಿಸುತ್ತ ಮೀನು, ಸಿಗಡಿಗಳನ್ನು ಪತ್ತೆ ಮಾಡುತ್ತದೆ. ಪತ್ತೆಯಾದ ಕ್ಷಣ ಅದೇ ಗರಗಸದಿಂದ ಬದಿಗೆ ಬೀಸಿ ಹೊಡೆಯುತ್ತದೆ, ನೆಲಕ್ಕೆ ಒತ್ತಿ ಹಿಡಿಯುತ್ತದೆ. ಹುಡುಕುವುದು, ಹೊಡೆಯುವುದು, ಎರಡೂ ಕೆಲಸ ಒಂದೇ ಅಂಗದ್ದು ಎಂಬುದನ್ನು ಆಸ್ಟ್ರೇಲಿಯಾದಲ್ಲಿ ಕೆಲಸ ಮಾಡುವ ಬಾರ್ಬರಾ ವ್ಯೂರಿಂಗರ್ ಮತ್ತು ಸಂಗಡಿಗರು 2012ರಲ್ಲಿ ತೋರಿಸಿಕೊಟ್ಟರು.

ಗರಗಸದ ಎರಡು ಅಂಚಿನ ಹಲ್ಲುಗಳು ಚರ್ಮದ ಹುರುಪೆಯೇ ಬೆಳೆದು ಆದವು. ಬುಡಸಮೇತ ಕಿತ್ತರೆ ಆ ಜಾಗದಲ್ಲಿ ಮತ್ತೊಂದು ಹುಟ್ಟುವುದಿಲ್ಲ. ಇಡೀ ಗರಗಸವನ್ನೇ ಕತ್ತರಿಸಿ ಮೀನನ್ನು ನೀರಿಗೆ ಬಿಟ್ಟವರೂ ಇದ್ದಾರೆ. ಗರಗಸವೂ ಮತ್ತೆ ಬೆಳೆಯುವುದಿಲ್ಲ, ಆ ಮೀನು ಉಣ್ಣುವುದು ಹೇಗೆ?

ಇವು ಮೊಟ್ಟೆ ಇಡುವುದಿಲ್ಲ, ಮರಿ ಹಾಕುತ್ತವೆ. ಒಂದು ಬಸಿರಿಗೆ ಹತ್ತರ ಆಸುಪಾಸು. ತಾಯಿಯ ಒಡಲು ಹರಿಯದಿರಲೆಂದು ಹುಟ್ಟುವ ಮರಿಯ ಗರಗಸಕ್ಕೆ ಮೆತ್ತನೆಯ ಪೊರೆಯ ಹೊದಿಕೆ ಇರುತ್ತದೆ, ಹುಟ್ಟಿದ ಮೇಲೆ ಅದು ಕಳಚಿಕೊಳ್ಳುತ್ತದೆ. ದೊಡ್ಡ ಹಲ್ಲಿನ ಗರಗಸ ಮೀನಿನ ಮರಿಗಳು ಅಳಿವೆ ದಾಟಿ ಸಿಹಿನೀರಿನ ಹೊಳೆಗೂ ಏರುತ್ತವೆ. ಪಶ್ಚಿಮ ಆಸ್ಟ್ರೇಲಿಯಾದ ಫಿಟ್ಜ್‌ರಾಯ್ ನದಿಯಲ್ಲಿ ಅವು ಕೆಲವು ವರ್ಷ ಬೆಳೆದು ಆಮೇಲೆ ಕಡಲಿಗೆ ಇಳಿಯುತ್ತವೆ. ನಿಕರಾಗುವಾದ ದೊಡ್ಡ ಸರೋವರದಲ್ಲೂ ಹಿಂದೆ ಇವು ರಾಶಿ ರಾಶಿ ಇದ್ದವು. 1970ರ ದಶಕದ ವಾಣಿಜ್ಯ ಮೀನುಗಾರಿಕೆ ಕೆಲವೇ ವರ್ಷಗಳಲ್ಲಿ ಆ ಸರೋವರವನ್ನು ಬರಿದು ಮಾಡಿತು.

ಸಂಖ್ಯೆ ಎಷ್ಟು ಕುಸಿದಿದೆ ಎನ್ನುವುದಕ್ಕೆ ಫ್ಲಾರಿಡಾದ ಒಂದು ಸಂಗತಿ ಹೇಳಬೇಕು. 2015ರಲ್ಲಿ ಅಲ್ಲಿನ ಹೊಳೆಬಾಯಿಗಳ ಸಣ್ಣ ಹಲ್ಲಿನ ಗರಗಸ ಮೀನುಗಳ ಡಿಎನ್‌ಎ ಪರೀಕ್ಷೆ ಮಾಡಿದಾಗ ಸುಮಾರು ಶೇ. 3ರಷ್ಟು ಮೀನುಗಳು ತಂದೆಯಿಲ್ಲದೆ ಹುಟ್ಟಿದವು ಎಂದು ತಿಳಿಯಿತು. ಹೆಣ್ಣು ಗಂಡಿನ ಕೂಡುವಿಕೆಯಿಲ್ಲದೆಯೇ ಮರಿ ಹಾಕಿತ್ತು. ಬೆನ್ನೆಲುಬಿರುವ ಪ್ರಾಣಿಯೊಂದರಲ್ಲಿ ಇಂಥದ್ದನ್ನು ಕಾಡಿನಲ್ಲೋ ಕಡಲಲ್ಲೋ ಸಹಜವಾಗಿ ಬದುಕುವ ಮರಿಗಳಲ್ಲಿ ಕಾಣುವುದು ತೀರ ಅಪರೂಪ. ಜೊತೆ ಸಿಗದಷ್ಟು ಅವು ವಿರಳವಾಗಿರುವುದೇ ಕಾರಣ ಇರಬಹುದೆಂದು ಸಂಶೋಧಕರು ಊಹಿಸಿದರು. ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

2021ರಲ್ಲಿ ಪ್ರಕಟವಾದ ಒಂದು ಜಾಗತಿಕ ಅಧ್ಯಯನದ ಪ್ರಕಾರ, ಹಿಂದೆ ಗರಗಸ ಮೀನು ಇದ್ದ 90 ದೇಶಗಳಲ್ಲಿ ಅರ್ಧಕ್ಕಿಂತ ಹೆಚ್ಚು ಕಡೆ ಕನಿಷ್ಠ ಒಂದು ಜಾತಿಯಾದರೂ ಅಳಿದುಹೋಗಿದೆ. ರೆಕ್ಕೆ ಸೂಪಿಗೆ ಹೋಗುತ್ತದೆ, ಒಳ್ಳೆ ಬೆಲೆ. ಪೆರು, ಈಕ್ವೆಡಾರ್ ಕಡೆ ಹಲ್ಲನ್ನು ಕೋಳಿ ಅಂಕದ ಹುಂಜದ ಕಾಲಿಗೆ ಕಟ್ಟುತ್ತಾರೆ. ಗರಗಸ ಗೋಡೆಯ ಅಲಂಕಾರಕ್ಕೆ. ಮರಿಗಳು ಬೆಳೆಯುವ ಕಾಂಡ್ಲಾ (ಮ್ಯಾಂಗ್ರೋವ್) ಕಾಡು ಕಡಿದು ಸಿಗಡಿ ಕೆರೆಗಳಾಗಿವೆ. ಇಷ್ಟೆಲ್ಲ ಇದ್ದರೂ ದೊಡ್ಡ ಕಾರಣ ಬಲೆಯೇ. ಬೇರೆ ಮೀನಿಗೆ ಬಿಟ್ಟ ಬಲೆಗೆ ಗರಗಸ ತಾಗಿದರೆ ಸಾಕು, ಹಲ್ಲು ಹಲ್ಲಿಗೂ ನೂಲು ಸುತ್ತಿಕೊಳ್ಳುತ್ತದೆ. ಮೀನು ತಿರುಗಿದಷ್ಟೂ ಬಿಗಿಯುತ್ತದೆ.

ಕಾನೂನು ಇಲ್ಲವೆಂದಲ್ಲ. ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಅನುಸೂಚಿಗೆ 2001ರಲ್ಲೇ ಗರಗಸ ಮೀನುಗಳು ಸೇರಿವೆ. ಹುಲಿ, ಆನೆ ಇರುವ ಪಟ್ಟಿ ಅದು. ಹಿಡಿದರೆ, ಮಾರಿದರೆ 3ರಿಂದ 7 ವರ್ಷ ಜೈಲು. ಅಂತಾರಾಷ್ಟ್ರೀಯ ವ್ಯಾಪಾರವನ್ನು, ಅಳಿವಿನಂಚಿನ ಜೀವಿಗಳ ವ್ಯಾಪಾರ ನಿಯಂತ್ರಿಸುವ ಸೈಟಿಸ್ ಒಪ್ಪಂದ 2007ರಲ್ಲಿ ನಿಷೇಧಿಸಿತು. ಆಸ್ಟ್ರೇಲಿಯಾಕ್ಕೆ ಅಕ್ವೇರಿಯಮ್ಮಿಗೆಂದು ಕೊಟ್ಟಿದ್ದ ವಿನಾಯಿತಿಯೂ 2013ರಲ್ಲಿ ಹೋಯಿತು.

ನನ್ನ ಸೋದರಮಾವ ಬಹಳ ವರ್ಷ ಬೋಟಿನಲ್ಲಿ ತಾಂಡೇಲರಾಗಿದ್ದವರು, ಅಂದರೆ ಬೋಟು ನಡೆಸುವ ಮುಖ್ಯಸ್ಥರು. ಈ ಕಾನೂನನ್ನೆಲ್ಲ ಅವರಿಗೆ ಓದಿ ಹೇಳಿದೆ. ಪೂರ್ತಿ ಕೇಳಿದರು.

“ಸರಿ ಮಗಾ, ಬಲೆ ಎಳೆದಾಗ ಅದು ಬಂತು ಅಂತ ಇಟ್ಟುಕೋ. ಹತ್ತಿರ ಹೋಗ್ಲಿಕ್ಕೆ ಆಗ್ತದಾ? ಒಂದು ಬೀಸು ಬೀಸಿದ್ರೆ ಕೈ ಹೋಗ್ತದೆ. ಬಿಡಬೇಕಾದ್ರೆ ಬಲೆ ಕೊಯ್ಯಬೇಕು. ಬಲೆ ಕೊಯ್ದು ಬಂದ್ರೆ ಮಾಲೀಕನಿಗೆ ನಾನೇನು ಹೇಳುವುದು? ಕಲಾಸಿಗಳ (ಬೋಟಿನ ಕೆಲಸಗಾರರ) ಪಾಲಿನಿಂದ ಕಳೆಯುವುದಾ?”

ಇಲ್ಲಿಗೆ ಬಂದು ನಿಲ್ಲುತ್ತದೆ ಎಲ್ಲವೂ. ಮೀನು ದಡಕ್ಕೆ ಬಂದ ಮೇಲೆ ಕೇಸು ಹಾಕಿದರೆ ಮೀನಿಗೇನೂ ಲಾಭವಿಲ್ಲ. ಅದು ಬದುಕುವುದೋ ಸಾಯುವುದೋ ನಡುಗಡಲಲ್ಲಿ, ಬಲೆ ಕೊಯ್ಯುವ ಒಂದು ತೀರ್ಮಾನದಲ್ಲಿ ಇದೆ. ಆ ತೀರ್ಮಾನದ ಖರ್ಚನ್ನು ದಿನಗೂಲಿಯ ಹಾಗೆ ದುಡಿಯುವವರ ತಲೆಗೆ ಕಟ್ಟುವುದು ಅನ್ಯಾಯ ಎಂದೇ ನಾನು ನಂಬುತ್ತೇನೆ.

ಕೊಯ್ದ ಬಲೆಗೆ ಪರಿಹಾರ ಕೊಡಬೇಕು. ಅದು ಸಾಧ್ಯವಿಲ್ಲ ಎನ್ನುವವರು ಗುಜರಾತನ್ನು ನೋಡಬೇಕು. ವೆರಾವಲ್ ಕಡೆಯ ಮೀನುಗಾರರು ಎಣ್ಣೆಗೆ, ಮಾಂಸಕ್ಕೆ ವೇಲ್ ಶಾರ್ಕನ್ನು ಕೊಲ್ಲುತ್ತಿದ್ದರು. 2001ರಲ್ಲಿ ಅದಕ್ಕೂ ರಕ್ಷಣೆ ಸಿಕ್ಕಿತು. 2004ರಲ್ಲಿ ಅರಣ್ಯ ಇಲಾಖೆ, ವೈಲ್ಡ್‌ಲೈಫ್ ಟ್ರಸ್ಟ್ ಆಫ್ ಇಂಡಿಯಾ ಸೇರಿ ಅಭಿಯಾನ ಶುರುಮಾಡಿದವು. ರಾಮಕಥೆ ಹೇಳುವ ಮೊರಾರಿ ಬಾಪು, ಇದು ಹೆರಿಗೆಗೆ ತವರಿಗೆ ಬರುವ ಮಗಳು ಎಂದು ಜನರಿಗೆ ತಿಳಿಹೇಳಿದರು. ಅದರ ಜೊತೆಗೆ, ಶಾರ್ಕ್ ಬಿಡಿಸಲು ಕೊಯ್ದ ಬಲೆಗೆ ಪರಿಹಾರವೂ ಸಿಗತೊಡಗಿತು. ಕೊಲ್ಲುತ್ತಿದ್ದ ಕೈಗಳೇ ನೂರಾರು ವೇಲ್ ಶಾರ್ಕುಗಳನ್ನು ಬಿಡಿಸಿ ಕಳಿಸಿವೆ. ಮಹಾರಾಷ್ಟ್ರದಲ್ಲೂ 2018ರಿಂದ ಇಂಥ ಯೋಜನೆ ಇದೆ: ಸಂರಕ್ಷಿತ ಜೀವಿಯನ್ನು ಬಿಡಲು ಬಲೆ ಕೊಯ್ದವರಿಗೆ ಗರಿಷ್ಠ ₹25,000.

ವೇಲ್ ಶಾರ್ಕಿಗಿಂತ ಗರಗಸ ಮೀನನ್ನು ಬಿಡಿಸುವುದು ಕಷ್ಟ, ಒಪ್ಪುತ್ತೇನೆ. ಫ್ಲಾರಿಡಾದಲ್ಲಿ ಗಾಳ ಹಾಕುವವರಿಗೆ ಹೇಳುವುದು ಇಷ್ಟೇ: ಮೀನನ್ನು ನೀರಿನಿಂದ ಮೇಲೆತ್ತಬೇಡಿ, ಗರಗಸ ಮುಟ್ಟಬೇಡಿ, ದೂರದಿಂದಲೇ ದಾರ ಕತ್ತರಿಸಿ. ಬಲೆಗೂ ಅದೇ ಕ್ರಮ ಬೇಕು, ಉದ್ದ ಹಿಡಿಯ ಕತ್ತಿ ಬೇಕು, ಕಲಿಸುವವರು ಬೇಕು. ಅಲ್ಲಿ 1995ರಲ್ಲಿ ದಡದ ಹತ್ತಿರ ಸಿಕ್ಕಿಸುವ ಬಲೆಗಳನ್ನೇ ನಿಷೇಧಿಸಿದರು. ಕಡಲನ್ನೇ ನಂಬಿದ ಇಷ್ಟು ಮನೆಗಳಿರುವ ನಮ್ಮ ಕರಾವಳಿಗೆ ಅದನ್ನು ಹಾಗೆಯೇ ತರಲು ನಾನು ಕೇಳಲಾರೆ.

ಜೂನ್ 1ರಿಂದ ಜುಲೈ 31ರವರೆಗೆ ನಮ್ಮಲ್ಲಿ ಯಾಂತ್ರೀಕೃತ ಮೀನುಗಾರಿಕೆ ಬಂದ್. ಬೋಟುಗಳೆಲ್ಲ ದಡದಲ್ಲಿ, ಬಲೆ ಹೆಣೆಯುವ ಕೆಲಸ. ಕಲಿಸುವುದಿದ್ದರೆ ಅದೇ ಸಮಯ. ಮಕ್ಕಳ ಜೊತೆ ಸೇರಿ ಒಂದು ಪೋಸ್ಟರ್ ಮಾಡಿದ್ದೇನೆ, ಮಗುಚಿದ ಮೀನಿನ ಚಿತ್ರ, ಕಿವಿರು ಎಲ್ಲಿದೆ ಎಂಬ ಗುರುತು, ‘ಕೊಯ್ದು ಬಿಡಿ’ ಎಂಬ ಸೂಚನೆ. ಬಲೆ ಹೆಣೆಯುವ ಶೆಡ್ಡುಗಳಲ್ಲಿ ಅಂಟಿಸುತ್ತೇವೆ. ಇಲಾಖೆಗೆ ಬರೆಯುವ ಮನವಿಯಲ್ಲಿ ಮಹಾರಾಷ್ಟ್ರದ ಯೋಜನೆಯ ವಿವರ ಸೇರಿಸಿ ಮಾವನಿಗೆ ತೋರಿಸಿದೆ. ಅಲ್ಲಿ ಬಿಡುವಾಗಿನ ಫೋಟೊ ಅಥವಾ ವಿಡಿಯೊ ಕೇಳುತ್ತಾರೆ ಎಂಬಲ್ಲಿ ನಿಲ್ಲಿಸಿದರು. “ರಾತ್ರಿ ಬಲೆ ಎಳೆದ್ರೆ ಫೋಟೊ ಸರಿ ಬರುವುದಿಲ್ಲ, ಅದನ್ನೂ ಬರಿ. ದುಡ್ಡು ಎಷ್ಟು ದಿನದಲ್ಲಿ ಬರ್ತದೆ ಅಂತಲೂ ಕೇಳು” ಎಂದರು. ಎರಡನ್ನೂ ಸೇರಿಸಿದ್ದೇನೆ.