ಅಗರ್ ಅಚ್ಚು, ಕಾಡಿಗೆ, ಮೊಟ್ಟೆಯ ಸಿಪ್ಪೆ: ಆರನೇ ವಾರ

ಕತ್ತರಿಸಿ ತೆಗೆದ ಸ್ತನದ ತುಣುಕಿನೊಳಗೆ ಎಕ್ಸ್‌ರೇ ಏನು ಕಾಣುತ್ತದೆ, ಬೆಳಕು ಏನು ಕಾಣುತ್ತದೆ ಎಂದು ಹೋಲಿಸಲು, ಅಂಥ ತುಣುಕಿನ ನಕಲಿ ಅಚ್ಚುಗಳನ್ನು ಮನೆಯಲ್ಲೇ ಮಾಡುತ್ತಿದ್ದೇನೆ. ಅದಕ್ಕೆ ಬಳಸುತ್ತಿದ್ದ ಜೆಲಾಟಿನ್ ಕೈಬಿಟ್ಟೆ. ದಾವಣಗೆರೆಯ ಏಪ್ರಿಲ್ ಬಿಸಿಲಿಗೆ ಅದು ನಿಲ್ಲುವ ಪದಾರ್ಥವಲ್ಲ. ಫ್ರಿಜ್‌ನಿಂದ ತೆಗೆದ ಅಚ್ಚು, ನಾನು ಕ್ಯಾಮೆರಾ ಹೊಂದಿಸಿ ತಿರುಗುವಷ್ಟರಲ್ಲಿ ತಟ್ಟೆಯ ತುಂಬ ಹರಡಿಕೊಂಡಿತ್ತು. ಈಗ ಕಡಲಪಾಚಿಯಿಂದ ತೆಗೆಯುವ ಅಗರ್ ಬಳಸುತ್ತಿದ್ದೇನೆ. ಒಮ್ಮೆ ಗಟ್ಟಿಯಾದರೆ ಸುಮಾರು 85 ಡಿಗ್ರಿಯವರೆಗೆ ಕರಗುವುದಿಲ್ಲ. ಅದಕ್ಕೆ ಹಾಲು ಬೆರೆಸುತ್ತೇನೆ, ಏಕೆಂದರೆ ಹಾಲಿನ ಕೊಬ್ಬಿನ ಕಣಗಳು ಅಂಗಾಂಶದಂತೆಯೇ ಬೆಳಕನ್ನು ಚದುರಿಸುತ್ತವೆ. ಕೊಬ್ಬಿನ ಪದರಕ್ಕೆ ದೋಸೆ ಹೋಟೆಲಿನ ಬೆಣ್ಣೆಯನ್ನೇ ತಂದು ಹಚ್ಚಿದ್ದೂ ಉಂಟು. ಆ ಕಥೆಯೂ ತಟ್ಟೆಯಲ್ಲೇ ಮುಗಿಯಿತು.

ಈ ಹುಚ್ಚು ಹತ್ತಿದ್ದು ಬಂಧುವೊಬ್ಬರ ಸ್ತನದ ಶಸ್ತ್ರಚಿಕಿತ್ಸೆಯ ನಂತರ. ಕತ್ತರಿಸಿ ತೆಗೆದ ತುಣುಕಿಗೇ ಎಕ್ಸ್‌ರೇ ತೆಗೆದಿದ್ದರು, ಅನುಮಾನದ ಸುಣ್ಣದ (ಕ್ಯಾಲ್ಸಿಯಂ) ಚುಕ್ಕೆಗಳೆಲ್ಲ ಅದರೊಳಗೆ ಬಂದಿವೆಯೇ ಎಂದು ನೋಡಲು. ಬರ್ಲಿನ್‌ನ ಶಸ್ತ್ರವೈದ್ಯ ಆಲ್ಬರ್ಟ್ ಸಾಲೊಮನ್ 1913ರಲ್ಲೇ ಹೀಗೆ ತೆಗೆದುಹಾಕಿದ ಸುಮಾರು 3,000 ಸ್ತನಗಳ ಎಕ್ಸ್‌ರೇ ಅಧ್ಯಯನ ಪ್ರಕಟಿಸಿದ್ದರು. 1929ರಲ್ಲಿ ಮ್ಯಾಕ್ಸ್ ಕಟ್ಲರ್ ಸ್ತನದ ಮೂಲಕ ಬೆಳಕು ಹಾಯಿಸಿ ನೋಡುವ ವಿಧಾನವನ್ನು ವರದಿ ಮಾಡಿದರು. ಎರಡನ್ನೂ ಒಂದೇ ಅಚ್ಚಿನ ಮೇಲೆ ಹೋಲಿಸಿದರೆ ಹೇಗೆ ಎಂಬ ಹುಳ ಅಂದಿನಿಂದ ತಲೆಯಲ್ಲಿದೆ. ನಿಜವಾದ ಅಂಗಾಂಶವನ್ನು ನಾನು ಮುಟ್ಟಿಲ್ಲ, ಮುಟ್ಟುವುದೂ ಇಲ್ಲ.

ಮೊದಲು ಬೆಳಕು. ಅಚ್ಚಿನ ದಪ್ಪ ನಾಲ್ಕು ಸೆಂಟಿಮೀಟರ್. ಕೆಳಗೆ ಕಣ್ಣಿಗೆ ಕಾಣದ ಅವಕೆಂಪು (ಇನ್‌ಫ್ರಾರೆಡ್) ಬೆಳಕು ಕೊಡುವ 850 ನ್ಯಾನೋಮೀಟರಿನ ಎಲ್‌ಇಡಿ, ಮೇಲೆ ಅವಕೆಂಪನ್ನು ತಡೆಯುವ ಫಿಲ್ಟರ್ ಕಿತ್ತ ಹಳೆಯ ವೆಬ್ ಕ್ಯಾಮೆರಾ. ರಕ್ತ ತುಂಬಿದ ಗಂಟಿನ ಬದಲಿಗೆ, ಪೆನ್ನಿನ ನೀಲಿ ಶಾಯಿ ಬೆರೆಸಿದ ಅಗರ್ ಗೋಲಿಯನ್ನು ಒಳಗೆ ಹುದುಗಿಸಿದ್ದೆ. ಚಿತ್ರದಲ್ಲಿ ಏನೂ ಇಲ್ಲ! ಎರಡು ಸಂಜೆ ಕ್ಯಾಮೆರಾವನ್ನೇ ಬೈದೆ. ಆಮೇಲೆ ಕೆಂಪು ಎಲ್‌ಇಡಿ ಹಾಕಿದರೆ ಗೋಲಿ ಎದ್ದು ಕಂಡಿತು. ತಪ್ಪು ಶಾಯಿಯದು. ಅದರ ಬಣ್ಣವು ಕೆಂಪು ಬೆಳಕನ್ನು ಹೀರುತ್ತದೆ, ಅವಕೆಂಪನ್ನು ಸುಮ್ಮನೆ ದಾಟಿಸಿಬಿಡುತ್ತದೆ. ಕಣ್ಣಿಗೆ ಕಡುನೀಲಿ, ಕ್ಯಾಮೆರಾಕ್ಕೆ ಗಾಜು. ಇಂಗಾಲ ಹಾಗಲ್ಲ. ಹರಳೆಣ್ಣೆ ದೀಪದ ಮೇಲೆ ಹಿತ್ತಾಳೆ ತಟ್ಟೆ ಕವುಚಿ, ಅಜ್ಜಿ ಕಾಡಿಗೆ ಕಟ್ಟುತ್ತಿದ್ದ ರೀತಿಯಲ್ಲೇ ಮಸಿ ಹಿಡಿದು, ಒಂದು ಹನಿ ಸೋಪಿನ ನೀರಿನಲ್ಲಿ ಕದಡಿದೆ. ಎಂಟು ಮಿಲಿಮೀಟರಿನ ಆ ಗೋಲಿ, ಕ್ಯಾಮೆರಾದ ಬದಿಯಿಂದ ಒಂದು ಸೆಂಟಿಮೀಟರ್ ಆಳದಲ್ಲಿ ಸ್ಪಷ್ಟವಾಗಿ ಕಂಡಿತು. ಎರಡೂವರೆ ಸೆಂಟಿಮೀಟರಿಗೆ ಇಳಿಸಿದಾಗ ಮಂಜಿನಲ್ಲಿ ನಿಂತ ಬಸ್ಸಿನಂತೆ: ಏನೋ ಇದೆ, ಏನೆಂದು ಹೇಳಲಾಗದು.

ಉಷ್ಣ ಕ್ಯಾಮೆರಾ ಕೊಳ್ಳುವ ಆಸೆ ಬಿಟ್ಟೆ. ರಕ್ತ ಹರಿಯದ ತುಣುಕಿಗೆ ತನ್ನದೆನ್ನುವ ಬಿಸಿಯೇ ಇಲ್ಲ. ಅಲ್ಟ್ರಾಸೌಂಡ್ ಯಂತ್ರವನ್ನಂತೂ ನೋಂದಣಿಯಿಲ್ಲದೆ ಮನೆಯಲ್ಲಿ ಇಟ್ಟುಕೊಳ್ಳುವಂತಿಲ್ಲ. ಭ್ರೂಣಲಿಂಗ ಪತ್ತೆ ತಡೆಯುವ 1994ರ ಕಾಯ್ದೆ ಅಡ್ಡ ಬರುತ್ತದೆ, ಬರಲೇಬೇಕು.

ಈ ವಾರದ ಸಂಭ್ರಮ ಎಕ್ಸ್‌ರೇಯದು. ಪರಿಚಯದ ದಂತವೈದ್ಯರೊಬ್ಬರು, ರೋಗಿಗಳಿಲ್ಲದ ಹೊತ್ತಿನಲ್ಲಿ, ತಮ್ಮ ಯಂತ್ರದಲ್ಲಿ ತೆಳುವಾದ ಒಂದು ಅಚ್ಚಿನ ಚಿತ್ರ ತೆಗೆದುಕೊಟ್ಟರು. ಅದರಲ್ಲಿ ಮಸಿ ಗೋಲಿಯ ಜೊತೆಗೆ, ಸುಣ್ಣದ ಚುಕ್ಕೆಗಳ ಬದಲಿಗೆ ಮೊಟ್ಟೆಯ ಸಿಪ್ಪೆಯ ಚೂರುಗಳನ್ನೂ ಹಾಕಿದ್ದೆ. ಸಿಪ್ಪೆ ಬಿಳಿ ಚುಕ್ಕೆಗಳಾಗಿ ಹೊಳೆಯಿತು, ಗೋಲಿ ಮಂಗಮಾಯ. ಮನೆಗೆ ಬಂದು ಅದೇ ಅಚ್ಚನ್ನು ಅವಕೆಂಪಿನಲ್ಲಿಟ್ಟರೆ ಗೋಲಿ ಹಾಜರ್, ಸಿಪ್ಪೆಯ ಸುಳಿವಿಲ್ಲ. ಯಾವುದು ಮೇಲು ಎಂದು ಅಂಕ ಕೊಡಲು ಬರೆದಿಟ್ಟಿದ್ದ ಪಟ್ಟಿಯನ್ನು ಹರಿದು ಹಾಕಿದೆ. ಒಂದು ಕ್ಯಾಲ್ಸಿಯಂ ಹುಡುಕುತ್ತದೆ, ಇನ್ನೊಂದು ಮಸಿ ಹುಡುಕುತ್ತದೆ. ಇಬ್ಬರನ್ನೂ ಒಂದೇ ಪರೀಕ್ಷೆಗೆ ಕೂರಿಸಿದ್ದು ನನ್ನ ತಪ್ಪು.

ಒಂದು ಮೋಸವನ್ನು ಒಪ್ಪಿಕೊಳ್ಳಬೇಕು. ನನ್ನ ಚೂರುಗಳು ಎರಡು ಮಿಲಿಮೀಟರ್ ಇದ್ದವು; ವೈದ್ಯರು ಹುಡುಕುವ ಚುಕ್ಕೆಗಳು ಅನೇಕ ವೇಳೆ ಅರ್ಧ ಮಿಲಿಮೀಟರಿಗಿಂತ ಚಿಕ್ಕವು. ಮುಂದಿನ ಬಾರಿ ಸಿಪ್ಪೆಯನ್ನು ಕುಟ್ಟಿ ಸೋಸಬೇಕು. ಹೊಸ ಜರಡಿ ತಂದುಕೊಟ್ಟರೆ ಹಳೆಯದು ನನಗೆ ಎಂದು ಅಡುಗೆಮನೆಯಿಂದ ಅಪ್ಪಣೆಯಾಗಿದೆ.